ಮಕ್ಕಳಿಗೆ ಕಾದಂಬರಿ ಬರೆಯುವವರ ಕಷ್ಟ
(ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ಸಾಹಿತ್ಯದ ವಿಚಾರ ಮಾತನಾಡಲು ನಾವು ವಿದ್ವಾಂಸರಲ್ಲ, ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಲೆಕ್ಕ ಬರೆಯುವ ಗುಮಾಸ್ತರು. ಆದರೂ ಮಕ್ಕಳಿಗಾಗಿ ಕಾದಂಬರಿ ಬರೆಯುವವರ ಕಷ್ಟ ಎಂಥದೆಂಬುದು ಈಚೆಗೆ ಒಂದು ಭಾನುವಾರ ನಮ್ಮ ಅನುಭವಕ್ಕೇ ಬಂದಿತು. ಅದನ್ನು ತಮ್ಮಲ್ಲಿ ಅರಿಕೆ ಮಾಡಿಕೊಳ್ಳುತ್ತೇವೆ.

ಅಂದು ಒಂಬತ್ತು ವರ್ಷದ ಮಗಳನ್ನು ಕರೆದುಕೊಂಡು ಖಡಕ್‌ವಾಸಲಾಕ್ಕೆ ಹೋಗಿದ್ದೆವು. ಅಣೆಕಟ್ಟಿನ ಬಳಿ ಸುಟ್ಟ ಜೋಳದ ತೆನೆ ತಿನ್ನುತ್ತ ಕುಳಿತಾಗ ಕಥೆ ಹೇಳಬೇಕೆಂದು ಅವಳು ಹಟ ಹಿಡಿದಳು. ಎದುರಿಗೆ ನೀರು, ನಾ. ಡಿಸೋಜರ ‘ದ್ವೀಪ’ ನೆನಪಾಯಿತು. ಶರಾವತಿಗೆ ಕಟ್ಟೆ ಕಟ್ಟಿ ನೀರು ಏರತೊಡಗಿದಾಗ ಗುಡ್ಡದ ಮೇಲೆ ಉಳಿದುಕೊಂಡ ಕುಟುಂಬವೊಂದರ ಕಥೆ ಅದು. ಹೇಳಲು ತೊಡಗಿದೆವು, ನಡುದಾರಿಯಲ್ಲಿ ಧೈರ್ಯ ಸಾಲಲಿಲ್ಲ. ಗಂಡನ ಮನಸ್ಸಿನ ಸಂಶಯವನ್ನು ಬಿಟ್ಟೆವು. ಮಳೆಗಾಲದ ಭಯವನ್ನೂ ಬಿಟ್ಟೆವು. ಕೊನೆಗೆ, ಎಲ್ಲರೂ ಬೇರೆ ಊರಿಗೆ ಹೋಗಿ ಸುಖವಾಗಿದ್ದರು ಎಂದು ಮುಗಿಸಿದೆವು.

“ಅಪ್ಪಾ, ಮನೇನೇ ನೀರೊಳಗೆ ಹೋದ್ಮೇಲೆ ಸುಖವಾಗಿ ಹೆಂಗಿದ್ರು? ಈ ನೀರಿನ ಕೆಳಗೂ ಊರು ಇದೆಯಾ?” ಎಂದಳು ಮಗಳು.

ನಮ್ಮ ಬಾಯಿ ಕಟ್ಟಿಹೋಯಿತು. ಸಂಶಯದ ಕಥೆಯನ್ನು ಮಗುವಿಗೆ ಹೇಳದೆ ಬಿಟ್ಟದ್ದು ತಪ್ಪಲ್ಲ. ನೀರಿನ ಕಥೆಯನ್ನು ಸುಳ್ಳು ಮಾಡಿದ್ದು ತಪ್ಪು. ಯಾವುದನ್ನು ಬಿಡಬೇಕು, ಯಾವುದನ್ನು ಬಿಡಬಾರದು ಎಂಬ ವಿವೇಕವೇ ಮಕ್ಕಳ ಲೇಖಕನಿಗೆ ಮೊದಲನೆಯ ಪರೀಕ್ಷೆ.

ಡಿಸೋಜರು ಆ ಪರೀಕ್ಷೆಗೆ ತಾವಾಗಿಯೇ ಕುಳಿತವರು. 1937ರಲ್ಲಿ ಸಾಗರದಲ್ಲಿ ಹುಟ್ಟಿ, ಲೋಕೋಪಯೋಗಿ ಇಲಾಖೆಯ ಕಚೇರಿಯಲ್ಲಿ ದುಡಿದ ಅವರು, ಶರಾವತಿ ಸೀಮೆಯ ಜನ ಮನೆ ಮಠ ಬಿಟ್ಟುಹೋದುದನ್ನು ಹತ್ತಿರದಿಂದ ಕಂಡರು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಪೂರ್ಣವಾಯಿತು. ನಾಡಿಗೆ ಬೆಳಕು ಬಂದಿತು. ಕೆಲವರ ಮನೆಯ ದೀಪ ಆರಿತು. ಆ ದುಃಖವನ್ನು ಅವರು ದೊಡ್ಡವರಿಗಾಗಿ ‘ಮುಳುಗಡೆ’, ‘ದ್ವೀಪ’ಗಳಲ್ಲಿ ಬರೆದರು. ಅಷ್ಟಕ್ಕೆ ಬಿಡದೆ ಮಕ್ಕಳಿಗಾಗಿ ‘ಮುಳುಗಡೆಯ ಊರಿಗೆ ಬಂದವರು’ ಬರೆದರು. ಅದಕ್ಕೆ 2011ರಲ್ಲಿ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ದೊರೆಯಿತು. 2025ರ ಜನವರಿಯಲ್ಲಿ ಅವರು ತೀರಿಕೊಂಡರು. ಊರು ಮುಳುಗಿದ್ದು ಮಕ್ಕಳಿಗೆ ತಿಳಿಯಬಾರದ ಸಂಗತಿಯೆಂದು ಅವರು ಎಣಿಸಲಿಲ್ಲವೆಂಬುದನ್ನು ಆ ಪುಸ್ತಕದ ಹೆಸರೇ ಹೇಳುತ್ತದೆ.

ಇನ್ನೊಂದು ಕಷ್ಟ ತಾಳ್ಮೆಯದು. ದೊಡ್ಡವರು ನಾಲ್ಕು ಪುಟದ ವರ್ಣನೆಯನ್ನು ಸಹಿಸಿಯಾರು; ಮಗು ನಾಲ್ಕು ಸಾಲಿಗೇ ಎದ್ದುಹೋಗುತ್ತದೆ. ವೈದ್ಯೆಯೂ ಕಾದಂಬರಿಗಾರ್ತಿಯೂ ಆಗಿದ್ದ ಅನುಪಮಾ ನಿರಂಜನರು ‘ದಿನಕ್ಕೊಂದು ಕಥೆ’ಯನ್ನು ತಿಂಗಳಿಗೊಂದರಂತೆ ಹನ್ನೆರಡು ಸಂಪುಟಗಳಲ್ಲಿ ಕೊಟ್ಟದ್ದು ಈ ತಾಳ್ಮೆಯ ಅಳತೆ ಬಲ್ಲವರ ಕೆಲಸ. ಕಾದಂಬರಿಗೆ ಆ ಸೌಕರ್ಯವಿಲ್ಲ. ಇಂದು ಕೆಳಗಿಟ್ಟ ಪುಸ್ತಕವನ್ನು ನಾಳೆ ಮಗು ತಾನಾಗಿ ಕೈಗೆತ್ತಿಕೊಳ್ಳುವಂತೆ ಬರೆಯಬೇಕು.

ಭಾಷೆಯ ಕಷ್ಟವೂ ಉಂಟು. ಕೊಟ್ಟಿಗೆ, ಅಡಕೆ ತೋಟ, ಕಟ್ಟೆ ಎಂದರೆ ಸಾಗರದ ಮಗುವಿಗೆ ಕಣ್ಣೆದುರಿಗೆ ಬರುತ್ತದೆ. ನಮ್ಮ ಮಕ್ಕಳು ಅವನ್ನು ಕಂಡದ್ದೆಷ್ಟು? ಅರ್ಥ ಹೇಳುತ್ತ ಹೋದರೆ ಕಥೆ ಪಾಠವಾಗುತ್ತದೆ. ಮಾತನ್ನೇ ಕೈಬಿಟ್ಟರೆ ಕಥೆಗೆ ಊರಿಲ್ಲದಂತಾಗುತ್ತದೆ. ಹಸುವನ್ನು ಕೊಟ್ಟಿಗೆಯಲ್ಲಿ ಕಟ್ಟಿ ಹುಲ್ಲು ಹಾಕಿದರೆ ಸಾಕು, ಮಗು ಅರ್ಥವನ್ನು ತಾನೇ ಹಿಡಿದುಕೊಳ್ಳುತ್ತದೆ. ಕಡೆಯಲ್ಲಿ ನೀತಿ ಅಂಟಿಸುವ ಚಪಲವನ್ನೂ ಲೇಖಕ ಗೆಲ್ಲಬೇಕು.

ನಮ್ಮ ಉದ್ಯೋಗದ ಒಂದು ಮಾತು. ಬ್ಯಾಂಕಿನಲ್ಲಿ ಚಿಕ್ಕ ಮಗುವಿನ ಖಾತೆ ಮಗುವಿನ ಹೆಸರಿನಲ್ಲಿರುತ್ತದೆ. ಸಹಿ ಮಾತ್ರ ಪೋಷಕರದು. ಮಕ್ಕಳ ಪುಸ್ತಕವೂ ಹಾಗೆಯೇ. ಓದುವುದು ಮಗು, ಹಣ ಕೊಟ್ಟು ಆರಿಸುವವರು ನಾವು. ಲೇಖಕ ಎಷ್ಟು ಚೆನ್ನಾಗಿ ಬರೆದರೂ ನಮ್ಮ ಸಹಿ ಬೀಳದೆ ಆ ಬರಹ ಮಗುವನ್ನು ಮುಟ್ಟುವುದಿಲ್ಲ. ಎರಡು ವರ್ಷಕ್ಕೂ ಮೀರಿ ವ್ಯವಹಾರವಿಲ್ಲದ ಖಾತೆಯನ್ನು ಬ್ಯಾಂಕು ನಿಷ್ಕ್ರಿಯವೆಂದು ಬರೆದಿಡುತ್ತದೆ. ನಮ್ಮ ಮನೆಗಳ ಕನ್ನಡ ಓದು ಎಷ್ಟು ವರ್ಷದಿಂದ ಹಾಗೆ ಬಿದ್ದಿದೆ? ನಮ್ಮ ಮಗಳು ಕನ್ನಡ ಮಾತನಾಡುತ್ತಾಳೆ, ಅಕ್ಷರ ಬಾರದು. ತಪ್ಪು ಅವಳದಲ್ಲ.

ಅವಳಿಗೆ ಅಂದು ಉತ್ತರ ಹೇಳಲಾಗಲಿಲ್ಲ. ಮುಂದಿನ ಭಾನುವಾರ ಮತ್ತೆ ಕುಳ್ಳಿರಿಸಿಕೊಂಡು, ಕೊನೆಯನ್ನು ನಾವೇ ಕಟ್ಟಿದ್ದೆಂದು ಒಪ್ಪಿಕೊಂಡೆವು. ಊರು ಬಿಟ್ಟವರಿಗೆಲ್ಲ ಸುಖ ಸಿಗಲಿಲ್ಲ ಎಂದೆವು. ಅವಳು ಅಳಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, “ನಾವೂ ಊರು ಬಿಟ್ಟು ಬಂದವರೇ ಅಲ್ವಾ?” ಎಂದಳು. ಅಂದಿನಿಂದ ಪ್ರತಿ ಭಾನುವಾರ ಅರ್ಧ ಗಂಟೆ ಅ, ಆ ತಿದ್ದುತ್ತಿದ್ದಾಳೆ.

ತಾವೂ ಈ ವರ್ಷ ಮಕ್ಕಳಿಗೊಂದು ಕನ್ನಡ ಕಾದಂಬರಿ ಕೊಂಡು, ಜೊತೆಯಲ್ಲಿ ಕುಳಿತು ಓದಿ ಹೇಳಬೇಕೆಂದು ಬೇಡಿಕೊಳ್ಳುತ್ತೇವೆ.