ಹೂ ಬಿದ್ದ ಕಣ್ಣು

ಕಣ್ಣು ಬೆಳ್ಳಗಾಗುವುದಕ್ಕೆ ಹಳ್ಳಿಯ ಮಾತಿನಲ್ಲಿ ಎರಡು ಹೆಸರುಂಟು. ಒಂದು ಪೊರೆ, ಇನ್ನೊಂದು ಹೂ. "ಅಜ್ಜಿಗೆ ಪೊರೆ ಬಂದೈತೆ" ಎನ್ನುವವರೇ "ಹುಡುಗನ ಕಣ್ಣಿಗೆ ಹೂ ಬಿದ್ದೈತೆ" ಎನ್ನುತ್ತಾರೆ. ಒಂದನ್ನು ಇನ್ನೊಂದರ ಜೊತೆ ಬೆರೆಸುವುದಿಲ್ಲ. ಕಣ್ಣಿನ ರಚನೆಯ ಮೊದಲ ಪಾಠ ಈ ಎರಡು ಮಾತುಗಳಲ್ಲೇ ಇದೆ. ಪೊರೆ ಕಣ್ಣಿನ ಒಳಗಿನದು, ಹೂ ಹೊರಮೈಯದು.

ಕನ್ನಡಿ ಹಿಡಿದರೆ ಬಿಳಿಗುಡ್ಡೆಯ ನಡುವೆ ಕಂದು ಬಣ್ಣದ ಬಳೆಯೊಂದು ಕಾಣುತ್ತದೆ. ಅದರ ನಡುವಿನ ಕಪ್ಪು ಚುಕ್ಕೆಯೇ ಪಾಪೆ. ಪಾಪೆ ನಿಜಕ್ಕೂ ಒಂದು ವಸ್ತುವಲ್ಲ, ಬರೀ ಕಂಡಿ. ಬೆಳಕು ಹೆಚ್ಚಾದರೆ ಕಿರಿದಾಗುತ್ತದೆ, ಕತ್ತಲಾದರೆ ಅಗಲವಾಗುತ್ತದೆ. ಆ ಕಂಡಿಯ ಹಿಂದೆ ಮಸೂರ ಕುಳಿತಿದೆ. ಅದು ಮಬ್ಬಾದರೆ ಪೊರೆ. ಬಳೆಯ ಮುಂದೆ, ಕೈಗಡಿಯಾರದ ಗಾಜಿನಂತೆ ಉಬ್ಬಿಕೊಂಡು, ಇದ್ದೂ ಕಾಣದ ಹಾಗೆ ಇರುವುದು ಕಾರ್ನಿಯಾ. ಅದರ ಮೇಲೆ ಗಾಯದ ಕಲೆ ಉಳಿದರೆ ಹೂ.

ಬೆಳಕನ್ನು ಬಗ್ಗಿಸುವ ಕೆಲಸವೆಲ್ಲ ಮಸೂರದ್ದೇ ಎಂದು ಬಹಳ ಮಂದಿ ನಂಬಿದ್ದಾರೆ. ಆದರೆ ಅದರಲ್ಲಿ ಸುಮಾರು ಮೂರನೆಯ ಎರಡು ಪಾಲು ಕಾರ್ನಿಯಾದ್ದು. ಹತ್ತಿರದ್ದು, ದೂರದ್ದು ಎಂದು ಹೊಂದಿಸಿಕೊಳ್ಳುವ ನಾಜೂಕು ಕೆಲಸ ಮಾತ್ರ ಮಸೂರದ್ದು. ಹೀಗೆ ಬಾಗಿದ ಬೆಳಕು ಹಿಂಬದಿಯ ಅಕ್ಷಿಪಟಲದ ಮೇಲೆ ತಲೆಕೆಳಗಾದ ಚಿತ್ರವಾಗಿ ಬೀಳುತ್ತದೆ. ಅಲ್ಲಿಂದ ಹತ್ತು ಲಕ್ಷಕ್ಕೂ ಹೆಚ್ಚು ನರದ ಎಳೆಗಳು ಸುದ್ದಿಯನ್ನು ಮಿದುಳಿಗೆ ಒಯ್ಯುತ್ತವೆ. ನೋಡುವುದು ಕಣ್ಣಾದರೂ ಕಂಡದ್ದು ಏನೆಂದು ತಿಳಿಯುವುದು ಮಿದುಳು.

ಕಾರ್ನಿಯಾದ ನಡುಭಾಗದ ದಪ್ಪ ಅರ್ಧ ಮಿಲಿಮೀಟರಿನಷ್ಟು. ಅದರಲ್ಲಿ ಒಂದೇ ಒಂದು ರಕ್ತನಾಳವಿಲ್ಲ. ಇದ್ದಿದ್ದರೆ ಜಗತ್ತು ಕೆಂಪು ಬಲೆಯ ಹಿಂದಿನಿಂದ ಕಾಣಬೇಕಾಗಿತ್ತು. ರಕ್ತವಿಲ್ಲದೆ ಅದು ಬದುಕುವ ಬಗೆಯೇ ಸೋಜಿಗದ್ದು. ಉಸಿರಾಟಕ್ಕೆ ಬೇಕಾದ ಆಮ್ಲಜನಕವನ್ನು ಬಹುಪಾಲು ಕಣ್ಣೀರಿನ ಮೂಲಕ ಗಾಳಿಯಿಂದಲೇ ಪಡೆಯುತ್ತದೆ, ಆಹಾರವನ್ನು ಹಿಂದಿನ ತಿಳಿನೀರಿನಿಂದ ತೆಗೆದುಕೊಳ್ಳುತ್ತದೆ. ಒಳಗಿನ ಎಳೆಗಳು ಮಗ್ಗದ ಹಾಸಿನಂತೆ ಕ್ರಮವಾಗಿ ಜೋಡಣೆಯಾಗಿರುವುದರಿಂದ ಬೆಳಕು ಚದುರದೆ ದಾಟಿ ಹೋಗುತ್ತದೆ. ತೀರಾ ಹಿಂಬದಿಯಲ್ಲಿ ಒಂದೇ ಸಾಲು ಜೀವಕೋಶಗಳಿವೆ. ಕಾರ್ನಿಯಾದೊಳಕ್ಕೆ ಜಿನುಗುವ ನೀರನ್ನು ಹಗಲಿರುಳು ಹೊರಹಾಕುವುದು ಅವುಗಳ ಕೆಲಸ. ಆ ಸಾಲಿನಲ್ಲಿ ಸತ್ತ ಕೋಶದ ಜಾಗಕ್ಕೆ ಹೊಸದು ಹುಟ್ಟುವುದಿಲ್ಲ. ಅಕ್ಕಪಕ್ಕದವು ಮೈ ಚಾಚಿ ಆ ಜಾಗ ತುಂಬುತ್ತವೆ. ತೀರಾ ಕಡಿಮೆಯಾದರೆ ಕಾರ್ನಿಯಾ ನೀರು ಕುಡಿದು ಊದಿ ಮಂಜಾಗುತ್ತದೆ.

ಇಷ್ಟು ಸೂಕ್ಷ್ಮವಾದ ಗಾಜಿಗೆ ಅಂತರಘಟ್ಟೆಯಂಥ ಹಳ್ಳಿಯ ಸುತ್ತಮುತ್ತ ಅಪಾಯ ಎಲ್ಲಿಂದ? ರಾಗಿ ಒಕ್ಕಣೆಯ ಹೊಟ್ಟು, ಕಬ್ಬಿನ ಗರಿ, ಎತ್ತಿನ ಬಾಲದ ಏಟು, ಎಲ್ಲವೂ ಅಪಾಯವೇ. ಸೊಪ್ಪುಸದೆ ಗೀರಿದ ಗಾಯಕ್ಕೆ ಬೂಷ್ಟಿನ ಸೋಂಕು ತಗುಲಿ ಹುಣ್ಣಾಗುತ್ತದೆ. ಹರಳೆಣ್ಣೆ, ಎದೆಹಾಲು, ಸೊಪ್ಪಿನ ರಸ ಬಿಟ್ಟು ಎರಡು ದಿನ ಕಾದರೆ ಹುಣ್ಣು ಆಳಕ್ಕಿಳಿಯುತ್ತದೆ. ಪ್ರೀತಿಯಿಂದ ಮಾಡಿದ ಈ ಮದ್ದುಗಳೇ ಎಷ್ಟೋ ಕಣ್ಣುಗಳನ್ನು ತೆಗೆದಿವೆ.

ಇನ್ನೊಂದು ಅಪಾಯ ಎಲೆಅಡಿಕೆಯ ಜೊತೆಗಿನ ಸುಣ್ಣ. ಆ ಊರಿನ ದೇವಿ ಅಂತರಘಟ್ಟಮ್ಮನ ಜಾತ್ರೆಗೆ ಎತ್ತಿನ ಗಾಡಿ ಕಟ್ಟಿಕೊಂಡು ಬರುವ ಅಡಿಕೆ ಸೀಮೆಯ ಕುಟುಂಬದಲ್ಲಿ ಸುಣ್ಣದ ಪ್ಯಾಕೆಟ್ ಇಲ್ಲದಿರುವುದು ಅಪರೂಪ. ಮಗು ಅದನ್ನು ಆಟಕ್ಕೆಂದು ಹಿಚುಕಿದರೆ ಸುಣ್ಣ ನೇರ ಮುಖಕ್ಕೆ ಚಿಮ್ಮುತ್ತದೆ. ಆಸಿಡ್ ಸಾಮಾನ್ಯವಾಗಿ ಮೇಲ್ಪದರವನ್ನು ಸುಟ್ಟು ಅಲ್ಲೇ ನಿಲ್ಲುತ್ತದೆ. ಸುಣ್ಣದಂಥ ಕ್ಷಾರ ಪದರಗಳನ್ನು ಕರಗಿಸಿಕೊಂಡು ಒಳಕ್ಕೆ ಇಳಿಯುತ್ತಲೇ ಇರುತ್ತದೆ. ಅಂಥ ಹೊತ್ತಿನಲ್ಲಿ ಬಸ್ಸು, ಆಟೋ ಹುಡುಕುವುದಕ್ಕೆ ಮೊದಲು ನೀರು ಹಾಕಬೇಕು. ರೆಪ್ಪೆ ಬಿಡಿಸಿ, ಒಳಗೆ ಸಿಕ್ಕಿದ ಚೂರು ಹೋಗುವಂತೆ, ಅರ್ಧ ಗಂಟೆಯಾದರೂ ಶುದ್ಧ ನೀರು ಹರಿಸಬೇಕು. ಆಸ್ಪತ್ರೆ ಆಮೇಲೆ.

ಜಗತ್ತಿನ ಮೊದಲ ಯಶಸ್ವಿ ಕಾರ್ನಿಯಾ ಕಸಿಯ ಹಿಂದೆಯೂ ಸುಣ್ಣವೇ ಇದೆ. ಈಗಿನ ಚೆಕ್ ದೇಶದಲ್ಲಿರುವ ಓಲೋಮೌಟ್ಸ್‌ನಲ್ಲಿ ಸುಣ್ಣ ಅರಳಿಸುವಾಗ ಎರಡೂ ಕಣ್ಣು ಸುಟ್ಟುಕೊಂಡ ಕೂಲಿಯಾಳು ಅಲೋಯಿಸ್ ಗ್ಲೋಗರ್. 1905ರ ಡಿಸೆಂಬರ್ 7ರಂದು ಡಾ. ಎಡ್ವರ್ಡ್ ಝಿರ್ಮ್ ಅವನಿಗೆ ಕಾರ್ನಿಯಾ ಕೂರಿಸಿದರು. ಅದು ಕಬ್ಬಿಣದ ಚೂರು ಹೊಕ್ಕು ಕಣ್ಣನ್ನೇ ತೆಗೆಯಬೇಕಾಗಿ ಬಂದ 11 ವರ್ಷದ ಬಾಲಕನದು. ಗ್ಲೋಗರ್‌ನ ಒಂದು ಕಣ್ಣು ತಿಳಿಯಾಗಿ ಉಳಿಯಿತು. ಅವನು ಮತ್ತೆ ಕೆಲಸಕ್ಕೆ ಹೋದ.

ಪೊರೆಯ ಕಥೆ ಬೇರೆ. ಬೀಳಗಿಯಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿ 1943ರಿಂದ ಊರೂರು ತಿರುಗಿ ಶಿಬಿರ ನಡೆಸಿದರು. ಒಂದೇ ದಿನ 833 ಪೊರೆ ಶಸ್ತ್ರಚಿಕಿತ್ಸೆ ಮಾಡಿದ ದಾಖಲೆ ಅವರದು. ಮಬ್ಬಾದ ಮಸೂರವನ್ನು ತೆಗೆದು ದಪ್ಪ ಗಾಜಿನ ಕನ್ನಡಕ ಕೊಟ್ಟರೆ ನೋಟ ಮರಳುತ್ತಿತ್ತು. ಈಗ ಕಾರ್ಖಾನೆಯಲ್ಲಿ ತಯಾರಾದ ಮಸೂರವನ್ನು ಕಣ್ಣೊಳಗೇ ಇಡುತ್ತಾರೆ. ಹೂವಿಗೆ ಆ ಅನುಕೂಲವಿಲ್ಲ. ದಟ್ಟವಾಗಿ ಬೆಳ್ಳಗಾದ ಕಾರ್ನಿಯಾಕ್ಕೆ ಬದಲಿಯಾಗಿ ಇವತ್ತಿಗೂ ಹೆಚ್ಚಾಗಿ ಬೇಕಾಗುವುದು ತೀರಿಕೊಂಡ ಮನುಷ್ಯನ ಕಾರ್ನಿಯಾವೇ.

ಡಾ. ರಾಜ್‌ಕುಮಾರ್ 2006ರಲ್ಲಿ ತೀರಿಕೊಂಡಾಗ ಅವರ ಕಣ್ಣುಗಳನ್ನು ದಾನ ಮಾಡಲಾಯಿತು. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ಹೋದಾಗ, ನಾಡು ಅಳುತ್ತಿದ್ದ ಆ ಹೊತ್ತಿನಲ್ಲೇ ಕುಟುಂಬದವರು ಅದೇ ದಾರಿ ಹಿಡಿದರು. ಬೆಂಗಳೂರಿನ ನಾರಾಯಣ ನೇತ್ರಾಲಯದ ವೈದ್ಯರು ಆ ಎರಡು ಕಾರ್ನಿಯಾಗಳನ್ನು ಪದರವಾಗಿ ಬಿಡಿಸಿದರು. ಮುಂಭಾಗ ಕೆಟ್ಟ ಇಬ್ಬರಿಗೆ ಮುಂದಿನ ಪದರ, ನೀರು ಹೊರಹಾಕುವ ಕೋಶಗಳು ಸೋತ ಇಬ್ಬರಿಗೆ ಹಿಂದಿನ ಪದರ. ಒಟ್ಟು ನಾಲ್ವರಿಗೆ ನೋಟ. ಅರ್ಧ ಮಿಲಿಮೀಟರನ್ನು ಮತ್ತೆ ಸೀಳಿದ ಕೈಚಳಕವದು. ಅದಾದ ಮೇಲೆ ನೇತ್ರದಾನಕ್ಕೆ ಹೆಸರು ಬರೆಸುವವರ ಸಂಖ್ಯೆ ರಾಜ್ಯದಲ್ಲಿ ಏರಿತು.

ಹೆಸರು ಬರೆಸಿದರೆ ಸಾಲದು, ಮನೆಯವರಿಗೆ ಹೇಳಿಟ್ಟಿರಬೇಕು. ಸಾವಿನ ಮನೆಯಲ್ಲಿ ಫೋನು ಮಾಡಬೇಕಾದವರು ಅವರೇ. ಕನ್ನಡಕ ಹಾಕುವವರು, ಸಕ್ಕರೆ ಕಾಯಿಲೆ ಇರುವವರು, ಪೊರೆ ತೆಗೆಸಿಕೊಂಡವರು ಕೂಡ ಕಣ್ಣು ಕೊಡಬಹುದು. ಮುಖ ವಿಕಾರವಾಗುವುದಿಲ್ಲ, ಅರ್ಧ ಗಂಟೆಯೊಳಗೆ ಕೆಲಸ ಮುಗಿಯುತ್ತದೆ. ಯಾರಾದರೂ ತೀರಿಕೊಂಡಾಗ ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಟ್ಟು, ತಲೆಯ ಕೆಳಗೆ ದಿಂಬು ಕೊಟ್ಟು, ಫ್ಯಾನು ಆರಿಸಿ, ಹತ್ತಿರದ ನೇತ್ರ ಬ್ಯಾಂಕಿಗೆ ತಕ್ಷಣ ತಿಳಿಸಿ. ಆರು ಗಂಟೆಯೊಳಗೆ ಅವರು ಬಂದು ತಲುಪಬೇಕು.