ಒಪ್ಪಿಸಿಕೊಂಡವರ ಸುತ್ತ

ಮುಂಬಯಿಯ ವಿಕ್ರೋಳಿಯಿಂದ ಲೋಕಲ್ ರೈಲು ಹಿಡಿದು ದುಡಿಮೆಗೆ ಹೊರಡುವ ಕನ್ನಡಿಗರೊಂದಿಗೆ ಇಂದು ಪಂಡಿತಾ ರಮಾಬಾಯಿಯವರನ್ನು ನೆನೆಯುವ ಆಸೆ. ಅವರು ನಮ್ಮವರೇ. ಹುಟ್ಟಿದ್ದು 1858ರಲ್ಲಿ, ಕನ್ನಡ ನಾಡಿನ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ.

ಹೆತ್ತವರನ್ನು ಬರಗಾಲದಲ್ಲಿ ಕಳೆದುಕೊಂಡ ಈ ಸಂಸ್ಕೃತ ವಿದುಷಿ 1883ರಲ್ಲಿ ಇಂಗ್ಲೆಂಡಿನಲ್ಲಿ ಕ್ರೈಸ್ತರಾದರು. ಸ್ವದೇಶಕ್ಕೆ ಮರಳಿ 1889ರಲ್ಲಿ ಇದೇ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದರು. ಮತಾಂತರದ ಆಪಾದನೆ ಬಂತು, ಮಕ್ಕಳನ್ನು ಬಿಡಿಸಿಕೊಂಡು ಹೋದವರೂ ಇದ್ದರು. ಅವರು ಹಿಂಜರಿಯಲಿಲ್ಲ.

1896ರ ಬರಗಾಲದಲ್ಲಿ ತಾವೇ ಮಧ್ಯಪ್ರಾಂತ್ಯಕ್ಕೆ ಹೋಗಿ, ಹಸಿದ ಹುಡುಗಿಯರನ್ನು ಪುಣೆ ಬಳಿಯ ಕೇಡಗಾಂವ್‌ಗೆ ಕರೆತಂದರು. ಅಲ್ಲಿ ಅವರಿಗಾಗಿ ತೆರೆದ ಆಶ್ರಯವೇ ಮುಕ್ತಿ ಸದನ. ದೇವರಿಗೆ ತಮ್ಮನ್ನು ಒಪ್ಪಿಸಿಕೊಂಡಿದ್ದ ಅವರು, ನಾಳೆಯ ಊಟದ ಭಾರವನ್ನೂ ಅವನ ಮೇಲೆಯೇ ಹಾಕಿದ್ದರು. ಆದರೆ ಕೈಕಟ್ಟಿ ಕೂರಲಿಲ್ಲ. ಅದೇ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಅಲ್ಲಿನ ಅಚ್ಚುಕೂಟದಲ್ಲಿ ಹೆಣ್ಣುಮಕ್ಕಳೇ ಮೊಳೆ ಜೋಡಿಸಿದರು. ಕಣ್ಣಿಲ್ಲದವರು ಉಬ್ಬು ಚುಕ್ಕೆಗಳ ಮೇಲೆ ಬೆರಳಾಡಿಸಿ ಓದಿದರು, ಬುಟ್ಟಿ ಹೆಣೆದು ದುಡಿದರು. ಮನೆಯವರೇ ಅಪಶಕುನವೆಂದು ದೂರವಿಟ್ಟವರು ಇನ್ನೊಬ್ಬರಿಗೆ ಅಕ್ಷರ ಕಲಿಸುವ ಅಕ್ಕಂದಿರಾದರು. ಉಪದೇಶ ಕೇಳಿದ್ದಕ್ಕಿಂತ, ಪಕ್ಕದಲ್ಲೇ ದುಡಿಯುವ ಒಬ್ಬ ತಾಯಿಯನ್ನು ದಿನವೂ ಕಂಡದ್ದೇ ಅವರನ್ನು ಹೆಚ್ಚು ಬದಲಿಸಿರಬೇಕು ಎಂದು ನಾನು ನಂಬುತ್ತೇನೆ.

ಆ ಪ್ರಭಾವ ಕನ್ನಡ ನೆಲಕ್ಕೂ ಮರಳಿತು. ಮಗಳು ಮನೋರಮಾ ನಮ್ಮ ಗುಲ್ಬರ್ಗದಲ್ಲಿ, ಅಂದರೆ ಇಂದಿನ ಕಲಬುರಗಿಯಲ್ಲಿ, ಹೆಣ್ಣುಮಕ್ಕಳಿಗಾಗಿ ಶಾಲೆ ಆರಂಭಿಸಿದರು. 1922ರಲ್ಲಿ ರಮಾಬಾಯಿ ತೀರಿಕೊಂಡರು. ಕೇಡಗಾಂವ್‌ನ ಆ ಸಂಸ್ಥೆ ಅವರ ನಂತರವೂ ನಿರ್ಗತಿಕ ಹೆಣ್ಣುಮಕ್ಕಳಿಗೆ ಆಸರೆಯಾಗಿ ನಡೆದುಬಂದಿದೆ.