ಶರೀರದ ಹಕ್ಕು ಮತ್ತು ನಮ್ಮ ನಿದ್ದೆ
(ಜುಮಾ ಖುತ್ಬಾದ ಸಾರಾಂಶ)



ಸರ್ವಸ್ತುತಿ ಅಲ್ಲಾಹನಿಗೆ. ಪ್ರವಾದಿ ಮುಹಮ್ಮದ್(ಸ)ರ ಮೇಲೂ ಅವರ ಕುಟುಂಬ ಹಾಗೂ ಸಹಾಬಿಗಳ ಮೇಲೂ ಸಲಾತ್, ಸಲಾಮ್ ಇರಲಿ.

ಪವಿತ್ರ ಕುರ್‌ಆನಿನ ಅನ್ನಬಅ್ ಅಧ್ಯಾಯದಲ್ಲಿ ಅಲ್ಲಾಹನು ತನ್ನ ಅನುಗ್ರಹಗಳನ್ನು ನೆನಪಿಸುವಾಗ ಭೂಮಿ ಮತ್ತು ಪರ್ವತಗಳ ಜೊತೆಗೇ ನಮ್ಮ ನಿದ್ದೆಯನ್ನೂ ಹೇಳುತ್ತಾನೆ. ಇರುಳು ಹೊದಿಕೆಯಾಯಿತು, ಹಗಲು ದುಡಿಮೆಗಾಯಿತು. ಆದರೆ ಇಂದು ನಮ್ಮ ಮನೆಗಳಲ್ಲಿ ರಾತ್ರಿ ಒಂದು ಗಂಟೆಯಾದರೂ ಮೊಬೈಲ್ ಬೆಳಕು ಆರುವುದಿಲ್ಲ, ಫಜ್ರ್‌ನ ಸಫ್‌ಗಳು ಮಾತ್ರ ಖಾಲಿ.

ಸಹಾಬಿ ಅಬುದ್ದರ್ದಾ(ರ) ಹಗಲೆಲ್ಲ ಉಪವಾಸ, ರಾತ್ರಿಯೆಲ್ಲ ನಮಾಝ್ ಮಾಡುತ್ತಿದ್ದರು. ಅವರ ಮನೆಗೆ ಅತಿಥಿಯಾಗಿ ಬಂದ ಸಲ್ಮಾನ್ ಫಾರ್ಸಿ(ರ) ಅವರನ್ನು ರಾತ್ರಿ ಎದ್ದಾಗಲೆಲ್ಲ ಮತ್ತೆ ಮಲಗಿಸಿದರು. ಇರುಳಿನ ಕೊನೆಯ ಭಾಗದಲ್ಲಿ ಎಬ್ಬಿಸಿ ಇಬ್ಬರೂ ನಮಾಝ್ ಮಾಡಿದರು. ಪ್ರಭುವಿಗಿರುವಂತೆ ನಮ್ಮ ಮೇಲೆ ನಮ್ಮ ಸ್ವಂತ ಜೀವಕ್ಕೂ ಮನೆಯವರಿಗೂ ಹಕ್ಕಿದೆ ಎಂದು ಸಲ್ಮಾನ್(ರ) ತಿಳಿಹೇಳಿದರು. ವಿಷಯ ತಿಳಿದ ಪ್ರವಾದಿ(ಸ) ಸಲ್ಮಾನರ ಮಾತು ಸತ್ಯವೆಂದರು. ಆರಾಧನೆಗಾಗಿ ಕೂಡ ಶರೀರದ ಹಕ್ಕನ್ನು ಕಸಿಯಬಾರದು ಎಂದ ಮೇಲೆ, ರೀಲ್ಸ್ ನೋಡಲು ಕಸಿಯುವುದಕ್ಕೆ ನಾವು ಯಾವ ಉತ್ತರ ಕೊಡುತ್ತೇವೆ?

ಚಾಮರಾಜನಗರದಲ್ಲೂ ಗುಂಡ್ಲುಪೇಟೆಯಲ್ಲೂ ನಮ್ಮ ಯುವಕರು ಜಿಮ್‌ಗೆ ಹೋಗುತ್ತಿದ್ದಾರೆ. ಸಂತೋಷದ ವಿಷಯ. ಬಲಿಷ್ಠ ವಿಶ್ವಾಸಿಯನ್ನು ಅಲ್ಲಾಹನು ಹೆಚ್ಚು ಮೆಚ್ಚುತ್ತಾನೆಂದು ಹದೀಸ್ ತಿಳಿಸುತ್ತದೆ. ಆದರೆ ಮಕ್ಕಳೇ, ಭಾರ ಎತ್ತುವಾಗ ಸ್ನಾಯು ದಣಿಯುತ್ತದೆ. ಅದು ಬೆಳೆಯುವುದು ವಿಶ್ರಾಂತಿಯಲ್ಲಿ. ಬೆಳವಣಿಗೆಯ ಹಾರ್ಮೋನು ಹೆಚ್ಚಾಗಿ ಸ್ರವಿಸುವುದು ಮಲಗಿದ ಮೊದಲ ಗಂಟೆಗಳ ಗಾಢ ನಿದ್ದೆಯಲ್ಲೇ. ಅಮೆರಿಕದ ಶಿಕಾಗೋದಲ್ಲಿ ನಡೆದು 2010ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ತೂಕ ಇಳಿಸಲು ಬಯಸಿದ 10 ಮಂದಿಗೆ ಒಂದೇ ಬಗೆಯ ಮಿತ ಆಹಾರ ಕೊಟ್ಟು 14 ದಿನ ಎಂಟೂವರೆ ಗಂಟೆ, ಇನ್ನೊಮ್ಮೆ 14 ದಿನ ಐದೂವರೆ ಗಂಟೆ ಮಲಗಲು ಬಿಟ್ಟರು. ತೂಕ ಇಳಿದದ್ದು ಎರಡು ಬಾರಿಯೂ ಸುಮಾರು 3 ಕೆ.ಜಿ. ಆದರೆ ನಿದ್ದೆ ಕಡಿಮೆಯಾದಾಗ ಕರಗಿದ ಕೊಬ್ಬು ಅರ್ಧಕ್ಕಿಂತಲೂ ಕಡಿಮೆ. ಉಳಿದದ್ದು ಸ್ನಾಯು ಸೇರಿದಂತೆ ಕೊಬ್ಬಲ್ಲದ ಭಾಗದ ನಷ್ಟ. ಪ್ರೋಟೀನ್ ಡಬ್ಬಿಗೆ ಸಾವಿರಾರು ರೂಪಾಯಿ ಕೊಟ್ಟು, ಪುಕ್ಕಟೆ ಸಿಗುವ ನಿದ್ದೆಯನ್ನು ಬಿಟ್ಟರೆ ಫಲವೇನು?

ನಮ್ಮಲ್ಲಿ ಅನೇಕರು ಚಾಲಕರು, ಕ್ಲೀನರ್‌ಗಳು, ತರಕಾರಿ ವ್ಯಾಪಾರಿಗಳು. ತೆರಕಣಾಂಬಿ ಮಾರುಕಟ್ಟೆಯ ತರಕಾರಿ ಕೇರಳಕ್ಕೆ ಹೋಗುತ್ತದೆ. ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿಗೂ ಊಟಿಗೂ ಹೋಗುವ ಬಂಡೀಪುರದ ರಸ್ತೆಗಳಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧವಿದೆ. ಕಾಡುಪ್ರಾಣಿಗಳ ಇರುಳಿನ ನೆಮ್ಮದಿಗೆಂದೇ ಈ ನಿಯಮ. ಗೇಟಿನ ಬಳಿ ಲಾರಿ ನಿಲ್ಲಿಸಿ ಕಾಯುವ ಸಹೋದರರೇ, ಆ ಗಂಟೆಗಳು ನಷ್ಟವೆಂದುಕೊಳ್ಳಬೇಡಿ. ಅವನ್ನು ಮೊಬೈಲಿಗೆ ಕೊಡಬೇಡಿ, ಕಣ್ಣಿಗೆ ಕೊಡಿ.

ಇದು ಕೇವಲ ಆರೋಗ್ಯದ ಮಾತಲ್ಲ. ಬೆಳಿಗ್ಗೆಯಿಂದ ಸತತ 17 ಗಂಟೆ ಎಚ್ಚರವಿದ್ದವನ ಕೈ, ಕಣ್ಣುಗಳ ಚುರುಕು ರಕ್ತದಲ್ಲಿ ಶೇ. 0.05 ಮದ್ಯವಿರುವವನ ಮಟ್ಟಕ್ಕೆ ಇಳಿಯುತ್ತದೆಂದು ಪರೀಕ್ಷೆಗಳು ತೋರಿಸಿವೆ. ನಮ್ಮ ದೇಶದ ಕಾನೂನು ಚಾಲಕನಿಗೆ ಹಾಕಿರುವ ಮಿತಿ ಶೇ. 0.03. ಹರಾಮೆಂದು ಒಂದು ಹನಿ ಮದ್ಯ ಮುಟ್ಟದ ನಾವು, ನಿದ್ದೆಗೆಟ್ಟು ಸ್ಟಿಯರಿಂಗ್ ಹಿಡಿದರೆ ಎದುರಿಗೆ ಬರುವವನ ಪ್ರಾಣಕ್ಕೆ ಅದೇ ಅಪಾಯ. ಒಂದು ಜೀವ ಹೋದರೆ ಅಲ್ಲಾಹನ ಮುಂದೆ ಏನು ಹೇಳುವುದು? ವಾಹನ ಮಾಲೀಕರೂ ಇದನ್ನು ಕೇಳಬೇಕು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯೇ ಚಾಲಕನ ದುಡಿಮೆಯನ್ನು ದಿನಕ್ಕೆ 8 ಗಂಟೆಗೆ ಮಿತಿಗೊಳಿಸಿತ್ತು. ಬಾಡಿಗೆಯ ಆಸೆಗೆ ದಣಿದ ಹುಡುಗನನ್ನು ಮತ್ತೆ ರಸ್ತೆಗೆ ಕಳಿಸುವುದು ಅನ್ಯಾಯ.

ಇನ್ನೊಂದು ಮಾತು. ಮನೆಯಲ್ಲಿ ಎಲ್ಲರಿಗಿಂತ ಕೊನೆಗೆ ಮಲಗಿ ಮೊದಲು ಏಳುವವರು ನಮ್ಮ ತಾಯಂದಿರು, ಪತ್ನಿಯರು. ನಾವು ಹನ್ನೊಂದಕ್ಕೆ ಊಟಕ್ಕೆ ಬಂದರೆ ಅವರ ನಿದ್ದೆಯೂ ಹೋಯಿತು. ಬೇಗ ಮನೆ ಸೇರುವುದು, ಪಾತ್ರೆ ತೊಳೆಯಲು ಕೈಜೋಡಿಸುವುದು ಅವರ ಹಕ್ಕನ್ನು ಸಲ್ಲಿಸಿದಂತೆ.

ಹಾಗಾದರೆ ಏನು ಮಾಡೋಣ? ಇಶಾಗೆ ಮುಂಚೆ ಮಲಗುವುದನ್ನೂ ಇಶಾ ನಂತರದ ಹರಟೆಯನ್ನೂ ಪ್ರವಾದಿ(ಸ) ಇಷ್ಟಪಡುತ್ತಿರಲಿಲ್ಲ. ಇಶಾ ಮುಗಿಸಿ ಹೋಟೆಲಿನ ಮುಂದೆ ಕೂತು ಚಹಾ ಕುಡಿಯುವ ಅಭ್ಯಾಸ ಬಿಡೋಣ. ಅದರ ಕೆಫೀನ್ ಹಲವು ಗಂಟೆ ಮೈಯಲ್ಲಿ ಉಳಿಯುತ್ತದೆ. ಮೊಬೈಲನ್ನು ಹಾಸಿಗೆಯಿಂದ ದೂರ ಇಡೋಣ. ಹತ್ತಕ್ಕೆ ಮಲಗಿ ಐದಕ್ಕೆ ಎದ್ದರೆ ದೊಡ್ಡವರಿಗೆ ಕನಿಷ್ಠ ಬೇಕಾದ 7 ಗಂಟೆ ಸಿಗುತ್ತದೆ, ಫಜ್ರ್ ಕೂಡ ಸಿಗುತ್ತದೆ. ಹದಿಹರೆಯದ ಮಕ್ಕಳಿಗೆ 8ರಿಂದ 10 ಗಂಟೆ ಬೇಕು. ಅವರನ್ನು ಇನ್ನೂ ಬೇಗ ಮಲಗಿಸಿ. ಮಧ್ಯಾಹ್ನ ಸ್ವಲ್ಪ ಹೊತ್ತು ಕೈಲೂಲಾ ಮಾಡುವುದು ಒಳ್ಳೆಯದು. ರಾತ್ರಿ ಪಾಳಿಯವರು ಹಗಲು ಮಲಗಿದಾಗ ಮನೆಯವರು ಸದ್ದು ಮಾಡದಿರಲಿ.

ಈ ಶರೀರ ನಮ್ಮ ಸ್ವತ್ತಲ್ಲ, ಅಲ್ಲಾಹನ ಅಮಾನತ್. ಅದರ ಹಕ್ಕನ್ನು ಸಲ್ಲಿಸುವ ತೌಫೀಕನ್ನು ಅವನು ನಮಗೆಲ್ಲರಿಗೂ ಕರುಣಿಸಲಿ. ರಸ್ತೆಯಲ್ಲಿರುವ ನಮ್ಮ ಸಹೋದರರನ್ನು ಕ್ಷೇಮವಾಗಿ ಮನೆಗೆ ಮುಟ್ಟಿಸಲಿ. ಆಮೀನ್.